ವಿಕಲಚೇತನರ ಸೇವೆ ಮತ್ತು ವಾರ್ಷಿಕ ವರದಿಯ ಲೆಕ್ಕ

ಮಾರ್ಚ್ 31ಕ್ಕೆ ಲೆಕ್ಕಪತ್ರ ಮುಗಿದು ಕೆಲವು ತಿಂಗಳು ಕಳೆಯುವಷ್ಟರಲ್ಲಿ, ವಿಕಲಚೇತನರ ಸೇವೆಯಲ್ಲಿ ತೊಡಗಿರುವ ಸಂಸ್ಥೆಗಳ ವಾರ್ಷಿಕ ವರದಿಗಳು ನಮ್ಮ ಧರ್ಮಕೇಂದ್ರಗಳಿಗೂ ದಾನಿಗಳ ಮನೆಗಳಿಗೂ ಬರತೊಡಗುತ್ತವೆ. ಹೊಳೆಯುವ ಕಾಗದ, ನಗುವ ಮಕ್ಕಳ ಚಿತ್ರ, ಅದರ ಕೆಳಗೆ ಇಷ್ಟು ಗಾಲಿಕುರ್ಚಿ, ಇಷ್ಟು ಶ್ರವಣ ಸಾಧನ, ಇಷ್ಟು ಶಿಬಿರ, ಇಷ್ಟು ಫಲಾನುಭವಿಗಳು ಎಂಬ ಅಂಕಿಗಳ ಸಾಲು. ತಪಸ್ಸುಕಾಲದಲ್ಲಿ ಒಂದು ಹೊತ್ತಿನ ಊಟ ಬಿಟ್ಟು ಉಳಿಸಿದ ಹಣವನ್ನು ಕಾಣಿಕೆಗೆ ಹಾಕಿದ ಕುಟುಂಬಕ್ಕೆ ಇವನ್ನು ಓದಿ ಸಮಾಧಾನವಾಗುವುದು ಸಹಜ. ಆದರೆ ಈ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂದು ವಿಚಾರಿಸುವ ಹಕ್ಕೂ ಆ ಕುಟುಂಬಕ್ಕಿದೆ.

ಸೊರಬ, ಶಿಕಾರಿಪುರದ ಕಡೆಯವರಿಗೆ ಒಂದು ಹೋಲಿಕೆ ಬೇಗ ಹಿಡಿಸೀತು. ಮಳೆಗಾಲದಲ್ಲಿ ಗುಡವಿಯ ಕೆರೆಗೆ ಬೆಳ್ಳಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟುತ್ತವೆ. ಬಂದ ಹಕ್ಕಿಗಳನ್ನು ಎಣಿಸುವುದು ಒಂದು ಲೆಕ್ಕ. ಆ ಗೂಡುಗಳಿಂದ ಎಷ್ಟು ಮರಿಗಳು ರೆಕ್ಕೆ ಬಲಿತು ಹಾರಿದವು ಎಂಬುದು ಬೇರೊಂದು ಲೆಕ್ಕ. ಮೊದಲನೆಯದಕ್ಕೆ ಒಂದು ಬೆಳಗು ಸಾಕು, ಎರಡನೆಯದಕ್ಕೆ ಇಡೀ ಋತು ಕಾಯಬೇಕು. ನಮ್ಮ ಸೇವಾಸಂಸ್ಥೆಗಳ ವರದಿಗಳಲ್ಲಿ ಹೆಚ್ಚಿನವು ಮೊದಲನೆಯ ಲೆಕ್ಕದಲ್ಲೇ ನಿಂತುಬಿಡುತ್ತವೆ.

ಗಾಲಿಕುರ್ಚಿಯನ್ನೇ ತೆಗೆದುಕೊಳ್ಳೋಣ. ವೇದಿಕೆಯ ಮೇಲೆ ಹಸ್ತಾಂತರವಾದ ದಿನವೇ ಅದು ವರದಿಗೆ ಸೇರುತ್ತದೆ. ಆದರೆ ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಮನೆಯಿಂದ ರಸ್ತೆಗೆ ಕೆಸರಿನ ದಾರಿ, ಜಗಲಿಗೆ ಮೂರು ಮೆಟ್ಟಿಲು, ಬಚ್ಚಲಿಗೆ ಕಿರಿದಾದ ಬಾಗಿಲು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ಕುರ್ಚಿ ಅಟ್ಟ ಸೇರಿದ್ದರೂ ಅಚ್ಚಾದ ಅಂಕಿ ಅಚ್ಚಾದಂತೆಯೇ ಉಳಿಯುತ್ತದೆ. ಇನ್ನು ಒಬ್ಬನೇ ವ್ಯಕ್ತಿ ತಪಾಸಣಾ ಶಿಬಿರದಲ್ಲೊಮ್ಮೆ, ಅಳತೆಗೊಮ್ಮೆ, ವಿತರಣೆಗೊಮ್ಮೆ ಬಂದರೆ ಮೂವರು ಫಲಾನುಭವಿಗಳಾಗಿ ಎಣಿಕೆಗೊಳ್ಳುವುದುಂಟು. ಇದರಲ್ಲಿ ಸುಳ್ಳು ಹೇಳುವ ಉದ್ದೇಶವಿರಬೇಕೆಂದಿಲ್ಲ; ಎಣಿಸುವ ಕ್ರಮವೇ ಅಂಥದು.

ಒಟ್ಟು ಎಷ್ಟು ಜನರಿಗೆ ಸೇವೆ ಬೇಕಾಗಿದೆ ಎಂಬುದಾದರೂ ಖಚಿತವೇ? 2001ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ ಸುಮಾರು 9.4 ಲಕ್ಷ, 2011ರಲ್ಲಿ 13.24 ಲಕ್ಷ. ಹತ್ತು ವರ್ಷದಲ್ಲಿ ಅಂಗವೈಕಲ್ಯವೇ ಅಷ್ಟು ಹೆಚ್ಚಿತೆಂದು ಭಾವಿಸುವ ಮೊದಲು, ಗಣತಿಯಲ್ಲಿ ಕೇಳಿದ ಬಗೆಗಳು ಐದರಿಂದ ಎಂಟಕ್ಕೆ ಏರಿದ್ದನ್ನು ನೆನೆಯಬೇಕು. 1995ರ ಕಾಯಿದೆ ಏಳು ಬಗೆಯ ವೈಕಲ್ಯವನ್ನು ಗುರುತಿಸಿದರೆ, 2016ರ ಕಾಯಿದೆ ಇಪ್ಪತ್ತೊಂದನ್ನು ಗುರುತಿಸಿತು. 2011ರ ಗಣತಿಯಂತೆ ದೇಶದ ಜನರಲ್ಲಿ ಶೇಕಡಾ 2.21 ಮಂದಿ ಅಂಗವಿಕಲರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಡೀ ಜಗತ್ತಿಗೆ ಕೊಟ್ಟ ಅಂದಾಜು ಶೇಕಡಾ 16. ತಾಲ್ಲೂಕಿನ ಅರ್ಧದಷ್ಟು ವಿಕಲಚೇತನರನ್ನು ತಲುಪಿದ್ದೇವೆ ಎಂದು ಯಾವುದೇ ಸಂಸ್ಥೆ ಬರೆದುಕೊಂಡರೆ, ಯಾವ ಒಟ್ಟು ಸಂಖ್ಯೆಯ ಅರ್ಧ ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ಸರ್ಕಾರ ಕೇಳುವ ವರದಿಗಳು ಬಹುಮಟ್ಟಿಗೆ ರೂಪಾಯಿಯ ವರದಿಗಳು. ವಿದೇಶಿ ದೇಣಿಗೆಗೆ ಒಂದು ನಮೂನೆ, ಆದಾಯ ತೆರಿಗೆ ಇಲಾಖೆಗೆ ಇನ್ನೊಂದು. ಹಣ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬುದು ಅವುಗಳ ಪ್ರಶ್ನೆ. 2021ರಲ್ಲಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮಗಳಿಗೆ ತಿದ್ದುಪಡಿಯಾಗಿ, ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಹೊಣೆಯಿರುವ ಕಂಪನಿಗಳು 1 ಕೋಟಿ ಹಾಗೂ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಬೇಕೆಂಬ ಕಟ್ಟಳೆ ಬಂತು. 2022ರಲ್ಲಿ ಸೆಬಿ ರೂಪಿಸಿದ ಸಾಮಾಜಿಕ ಷೇರು ವಿನಿಮಯ ಕೇಂದ್ರದ ನಿಯಮಗಳೂ ವಾರ್ಷಿಕ ಪರಿಣಾಮ ವರದಿಯನ್ನು ಕೇಳುತ್ತವೆ. ಒಳ್ಳೆಯ ಹೆಜ್ಜೆಗಳೇ. ಆದರೆ ನಾಲ್ಕು ಮಂದಿ ಕನ್ಯಾಸ್ತ್ರೀಯರು ನಡೆಸುವ ಹಳ್ಳಿಯ ಆಶ್ರಮಕ್ಕೆ ಈ ಮಾಪನದ ಖರ್ಚನ್ನು ಹೊರುವ ಶಕ್ತಿ ಎಲ್ಲಿಯದು?

ಇಲ್ಲಿ ದಾನಿಗಳಾದ ನಮ್ಮ ಪಾಲೂ ಇದೆ. ಕೊಟ್ಟ ಪ್ರತಿ ರೂಪಾಯಿಯೂ ನೇರವಾಗಿ ಫಲಾನುಭವಿಗೇ ತಲುಪಬೇಕೆಂದು ನಾವು ಬಯಸುತ್ತೇವೆ. ಕುರ್ಚಿ ಕೊಟ್ಟ ಆರು ತಿಂಗಳ ಮೇಲೆ ಮನೆಗೆ ಹೋಗಿ ನೋಡಿಬರುವ ಕಾರ್ಯಕರ್ತೆಯ ಬಸ್ ಛಾರ್ಜು, ಸಂಬಳಗಳನ್ನು ಆಡಳಿತ ವೆಚ್ಚವೆಂದು ಕಂಡು ಹುಬ್ಬುಗಂಟಿಕ್ಕುತ್ತೇವೆ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಮಿತಿಯನ್ನು 2020ರ ತಿದ್ದುಪಡಿ ಶೇಕಡಾ 50ರಿಂದ 20ಕ್ಕೆ ಇಳಿಸಿತು. ನೋಡಿಬರುವವರಿಗೆ ಹಣವಿಲ್ಲದಿದ್ದರೆ ಕೊಟ್ಟದ್ದರ ಲೆಕ್ಕವಷ್ಟೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಂಕಿಗಳಿಗೆ ಬಹುಮಾನ ದೊರೆಯುವ ಕಡೆ, ಬೇಗ ಸುಧಾರಿಸಬಲ್ಲವರನ್ನೇ ಆರಿಸಿಕೊಳ್ಳುವ ಮನಸ್ಸು ಹುಟ್ಟುತ್ತದೆ. ಒಂದು ಕಾಲು ಸೋತ ಯುವಕನಿಗೆ ತರಬೇತಿ ಕೊಟ್ಟರೆ ವರ್ಷದೊಳಗೆ ಉದ್ಯೋಗ, ವರದಿಗೆ ಒಂದು ಚಿತ್ರ. ಮಾತು ಬಾರದ, ತಾನಾಗಿ ಮಗ್ಗುಲು ಬದಲಿಸಲಾರದ ಹದಿನಾರರ ಹುಡುಗಿಯನ್ನು ಸೇರಿಸಿಕೊಂಡರೆ ಹತ್ತು ವರ್ಷ ನೋಡಿಕೊಂಡರೂ ತೋರಿಸಲು ಪ್ರಗತಿಯಿಲ್ಲ. ಅವಳ ತಾಯಿಗೆ ಜಾಗವಿಲ್ಲ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಯಾವ ವರದಿಯಲ್ಲೂ ಅಚ್ಚಾಗುವುದಿಲ್ಲ. ಪ್ರತಿಯೊಂದು ವಿಷಯದಲ್ಲೂ ಆ ವಿಷಯ ಒಪ್ಪುವಷ್ಟೇ ನಿಖರತೆಯನ್ನು ಅಪೇಕ್ಷಿಸಬೇಕೆಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಎಚ್ಚರಿಸಿದ್ದಾನೆ. ಅಂಥ ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ ಈ ವರ್ಷ ಒಬ್ಬರಿಗೂ ಹಾಸಿಗೆ ಹುಣ್ಣು ಆಗಲಿಲ್ಲ ಎಂಬ ಒಂದು ಸಾಲು ಸಾವಿರ ಫಲಾನುಭವಿಗಳ ಪಟ್ಟಿಗಿಂತ ತೂಕದ್ದು. ಏನೂ ಆಗದಿದ್ದುದೇ ಅಲ್ಲಿಯ ಸಾಧನೆ.

ವರದಿಗಳು ರಾಶಿಬಿದ್ದರೂ ಬದುಕು ಬದಲಾಗದಿರುವುದಕ್ಕೆ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುವ ಆ ಕಾಯಿಲೆ ಹೆಚ್ಚಾಗಿ ಬಡ ದಲಿತ ಕುಟುಂಬಗಳನ್ನೇ ಕಾಡಿತು. ದೊಡ್ಡ ವೈದ್ಯಕೀಯ ಸಂಸ್ಥೆಗಳು ಬಂದು ಅಧ್ಯಯನ ಮಾಡಿದವು. ಅದು ವಂಶವಾಹಿಯೆಂದು ತಿಳಿಯಿತು. ಗದ್ದೆ ಕೆಲಸಕ್ಕೆ ಬಗ್ಗಲಾರದವನಿಗೆ ಬೇಕಾಗಿದ್ದದ್ದು ಮಾಸಾಶನ, ಕುಳಿತು ಮಾಡಬಹುದಾದ ಕೆಲಸ, ಊರಿಗೊಂದು ಒಳ್ಳೆಯ ದಾರಿ.

ಜೆರಿಕೋವಿನ ಹಾದಿಯಲ್ಲಿ ಕುರುಡ ಬಾರ್ತಿಮಾಯನಿಗೆ ಯೇಸುಸ್ವಾಮಿ ಮೊದಲು ಕೇಳಿದ್ದು, ಅವನಿಗೆ ಏನು ಬೇಕೆಂದು. ಅವನ ಕೊರತೆ ಕಣ್ಣೆದುರಿಗೇ ಇದ್ದರೂ ಕೇಳಿದರು. ಸ್ವತಃ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯನ್ನು ಆರಂಭಿಸಿದಾಗ, ದೃಷ್ಟಿಹೀನರಾದ ಮಹಾಂತೇಶ ಅವರು 1997ರಲ್ಲಿ ಸಮರ್ಥನಂ ಸ್ಥಾಪನೆಯಲ್ಲಿ ತೊಡಗಿದಾಗ, ಈ ಪ್ರಶ್ನೆಗೆ ಉತ್ತರ ಒಳಗಿನಿಂದಲೇ ಸಿಗುವಂತಿತ್ತು. ಇತರರು ಅದನ್ನು ಹುಡುಕಿಕೊಂಡು ಹೋಗಬೇಕು. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಇಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಸಾಮಾನ್ಯವಾಗಿ ಅವರೂ ವಿಕಲಚೇತನರೇ. ಯಾವ ಮನೆಯ ಕುರ್ಚಿ ಅಟ್ಟ ಸೇರಿದೆ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಸಂಸ್ಥೆಗಳು ವರದಿ ಬರೆಯುವ ಮುನ್ನ ಅವರೊಡನೆ ಅರ್ಧ ದಿನ ಕುಳಿತರೆ ಖರ್ಚೂ ಕಡಿಮೆ.

ಈ ಸಲ ವರದಿ ಕೈಗೆ ಬಂದಾಗ ನಮ್ಮ ಕುಟುಂಬಗಳು ಒಂದು ಅಂಚೆ ಕಾಗದ ಬರೆಯಲಿ: ಎರಡು ವರ್ಷದ ಹಿಂದೆ ಕೊಟ್ಟ ಸಾಧನಗಳಲ್ಲಿ ಇಂದಿಗೂ ಬಳಕೆಯಲ್ಲಿರುವುವು ಎಷ್ಟು? ಸೇರಿಸಿಕೊಳ್ಳಲಾಗದೆ ಹಿಂದಕ್ಕೆ ಕಳುಹಿಸಿದವರು ಎಷ್ಟು ಮಂದಿ, ಏಕೆ? ಉತ್ತರವಾಗಿ ಬರುವ ಸಂಖ್ಯೆ ಅಚ್ಚಾದುದಕ್ಕಿಂತ ಬಹಳ ಚಿಕ್ಕದಿರಬಹುದು. ಅದನ್ನು ಮುಚ್ಚಿಡದೆ ಬರೆದು ಕಳುಹಿಸಿದ ಸಂಸ್ಥೆಗೆ ಬರುವ ವರ್ಷದ ಕಾಣಿಕೆಯನ್ನು ಕಡಿಮೆ ಮಾಡಬೇಡಿ.