ಕಿಟಕಿಯ ಬಿಜಾಗರಿ



ನಮ್ಮ ಅಂಗಡಿ ಸೊಲ್ಲಾಪುರದಲ್ಲಿ, ಮನೆ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆಯಲ್ಲಿ. ಹಳೆಯ ಮನೆಗೆ ಸಾಗವಾನಿ ಕಿಟಕಿಗಳಿದ್ದವು. ಅವುಗಳ ಕಬ್ಬಿಣದ ಬಿಜಾಗರಿ ಕಿರ್ರೆಂದರೆ ಅವ್ವ ಎರಡು ಹನಿ ಎಣ್ಣೆ ಬಿಡುತ್ತಿದ್ದಳು, ಅಲ್ಲಿಗೆ ಮುಗಿಯಿತು. ಮನೆ ಹೊಸದಾಗಿ ಕಟ್ಟಿಸಿದಾಗ ಮಗ ಯುಪಿವಿಸಿ ಕಿಟಕಿ ಹಾಕಿಸಿದ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಬಣ್ಣದ ಖರ್ಚಿಲ್ಲ, ನಮ್ಮ ಕಡೆಯ ಬೇಸಿಗೆಯ ಧೂಳೂ ಒಳಗೆ ಬರುವುದು ಕಡಿಮೆ.

ಆದರೆ ಕಳೆದ ಬೇಸಿಗೆಯಲ್ಲಿ ಮೇಲ್ಮಹಡಿಯ ಒಂದು ಕದ ಕೆಳಮೂಲೆಯಲ್ಲಿ ಚೌಕಟ್ಟಿಗೆ ತಾಗತೊಡಗಿತು. ನಾನು ಹಳೆಯ ರೂಢಿಯಂತೆ ಎಣ್ಣೆ ಬಿಟ್ಟೆ, ಹೆಗಲು ಕೊಟ್ಟು ಮುಚ್ಚಿದೆ. ಹೀಗೆ ಮೂರು ತಿಂಗಳು ನಡೆಯಿತು. ಒಂದು ಸಂಜೆ ಸೊಸೆ ಕಿಟಕಿ ತೆರೆದಾಗ ಮೇಲಿನ ಬಿಜಾಗರಿ ಕಿತ್ತುಬಂದು, ಕದ ಓಣಿಯ ಕಡೆಗೆ ಜೋತುಬಿತ್ತು. ಕೆಳಗೆ ಮಕ್ಕಳು ಆಡುತ್ತಿದ್ದರು. ಸೊಸೆ ಎರಡೂ ಕೈಯಿಂದ ಹಿಡಿದು ಕೂಗಿದಳು, ಮಗ ಓಡಿಬಂದ. 5 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 12.5 ಕಿಲೋ ತೂಗುತ್ತದೆ. ತಕ್ಕಡಿ ಹಿಡಿದೇ ಬದುಕಿದ ನಾನು ಆ ತೂಕವನ್ನು ಯೋಚಿಸಿರಲಿಲ್ಲ.

ನೋಡಲು ಬಂದವನೊಬ್ಬ ಇಡೀ ಕಿಟಕಿ ಬದಲಿಸಬೇಕೆಂದು ಐದಂಕಿಯ ಲೆಕ್ಕ ಕೊಟ್ಟ. ಕೆಟ್ಟಿದ್ದು ಬಿಜಾಗರಿ ಮಾತ್ರ. ಸೊಲ್ಲಾಪುರದ ಪೇಟೆಯಲ್ಲಿ ಅದರ ಜೋಡಿ ಮೂರಂಕಿಯಲ್ಲೇ ಸಿಕ್ಕಿತು.

ಇದಕ್ಕೆ ಫ್ರಿಕ್ಷನ್ ಸ್ಟೇ ಎನ್ನುತ್ತಾರೆ. ಚೌಕಟ್ಟಿನ ಪಟ್ಟಿಯಲ್ಲಿ ಒಂದು ಗುಂಡಿ ಜಾರುತ್ತದೆ, ಅದರ ಬಿಗಿಯೇ ಕದವನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ. ಎಣ್ಣೆಗೆ ಧೂಳು ಕೂಡಿದರೆ ಅರೆಯುವ ಹಿಟ್ಟಾಗಿ ಗುಂಡಿ ಸವೆಯುತ್ತದೆ. ಕದ ತಾಗುವುದು, ಸಂದಿ ಒಂದೇ ಸಮ ಇರದಿರುವುದು, ತೆರೆದ ಕದ ನಿಲ್ಲದಿರುವುದು, ಹಿಡಿಕೆ ತಿರುಗದಿರುವುದು ಸವೆತದ ಗುರುತು. ಬರೀ ಸಡಿಲವಾಗಿದ್ದರೆ ಕೆಲವು ಬಿಜಾಗರಿಗಳ ಗುಂಡಿಯಲ್ಲಿರುವ ಸಣ್ಣ ಹಿತ್ತಾಳೆ ಸ್ಕ್ರೂ ತುಸು ಬಿಗಿದರೆ ಸಾಕು.

ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಪಟ್ಟಿಯ ಉದ್ದ 8, 10, 12, 16 ಇಂಚು ಹೀಗೆ ಬರುತ್ತದೆ. ಮಡಿಸಿದಾಗಿನ ದಪ್ಪವೂ ಹಳೆಯದರಷ್ಟೇ ಇರಬೇಕು, ಇಲ್ಲದಿದ್ದರೆ ಕದ ಸರಿಯಾಗಿ ಮುಚ್ಚದು. ಪಕ್ಕಕ್ಕೆ ತೆರೆಯುವ ಕಿಟಕಿಯದು ಬೇರೆ, ಕೆಳಗಿನಿಂದ ಹೊರಕ್ಕೆ ಎತ್ತುವ ಕಿಟಕಿಯದು ಬೇರೆ. ಸ್ಟೇನ್‌ಲೆಸ್ ಸ್ಟೀಲಿನದನ್ನೇ ಆರಿಸಿರಿ. ಕೆಟ್ಟದ್ದು ಒಂದೇ ಆದರೂ ಎರಡನ್ನೂ ಬದಲಿಸಿರಿ.

ಕೆಲಸಕ್ಕೆ ಇಬ್ಬರು ಬೇಕು. ಮೊದಲು ಓಣಿಯಲ್ಲಿ ಯಾರೂ ನಿಲ್ಲದಂತೆ ನೋಡಿ, ಹಿಡಿಕೆಗೆ ಗಟ್ಟಿ ಹಗ್ಗ ಕಟ್ಟಿ ಒಳಗೆ ಬಿಗಿಯಿರಿ. ಹಳೆಯ ಪಟ್ಟಿಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿರಿ. ಒಬ್ಬರು ಕದ ಹಿಡಿದಿರಲಿ, ಇನ್ನೊಬ್ಬರು ಕದದ ಸ್ಕ್ರೂ ತೆಗೆಯಲಿ. ಕದವನ್ನು ಒಳಗೆ ತಂದು ಚಾದರದ ಮೇಲೆ ಮಲಗಿಸಿ, ಬಳಿಕ ಚೌಕಟ್ಟಿನ ಸ್ಕ್ರೂ ಬಿಚ್ಚಿರಿ. ಸಂದಿಯಲ್ಲಿ ಇರುವೆಗಳಿದ್ದರೆ ಮೆತ್ತನೆಯ ಕುಂಚದಿಂದ ಸರಿಸಿ ಧೂಳು ತೆಗೆಯಿರಿ. ಹೊಸದನ್ನು ಗುರುತಿನಲ್ಲಿಟ್ಟು ಕೈಯಿಂದಲೇ ಬಿಗಿಯಿರಿ. ತೂತು ಸಡಿಲಾಗಿದ್ದರೆ ಅಂಟು ತುಂಬಬೇಡಿರಿ. ಒಳಗಿನ ಉಕ್ಕಿನ ಪಟ್ಟಿಯನ್ನು ಕಚ್ಚುವ ತುಸು ದಪ್ಪ ಸ್ಕ್ರೂ ಹಾಕಿರಿ. ಕದ ದೊಡ್ಡದಿದ್ದು ಒಳಗಿನಿಂದ ಹಿಡಿಯಲಾಗದಿದ್ದರೆ ಹಟ ಬೇಡ, ಬಲ್ಲ ಕೆಲಸಗಾರನನ್ನು ಕರೆಯಿರಿ.

ಸಣ್ಣ ಬಾಕಿಯನ್ನು ನಾಳೆಗೆ ಬಿಟ್ಟರೆ ಏನಾಗುತ್ತದೆಂದು ವ್ಯಾಪಾರಸ್ಥರಾದ ನಮಗೆ ಯಾರೂ ಕಲಿಸಬೇಕಿಲ್ಲ. ಆದರೂ ಮನೆಯ ಕಿಟಕಿಯ ಲೆಕ್ಕದಲ್ಲಿ ನಾನು ಮೂರು ತಿಂಗಳು ಮರೆತೆ. ನೀವು ಇಂದೇ ಮೇಲ್ಮಹಡಿಯ ಕದಗಳನ್ನು ಒಮ್ಮೆ ತೆರೆದು ನೋಡಿರಿ.