ಪದ್ಯಕ್ಕೆ ಹೆದರುವ ರಂಗಭೂಮಿ

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಒಂದು ರಂಗಮಂದಿರದಲ್ಲಿ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕವನ್ನು ನೋಡಿದೆ. ತಂಡ ಹವ್ಯಾಸಿಗಳದು. ಹಗಲೆಲ್ಲ ಬೇರೆ ಬೇರೆ ಉದ್ಯೋಗಗಳಲ್ಲಿ ದುಡಿದು ಸಂಜೆ ರಂಗಕ್ಕೆ ಬರುವ ತರುಣ ತರುಣಿಯರು. ಬೆಳಕಿನ ವಿನ್ಯಾಸ, ವೇಷಭೂಷಣ, ಕಾಡಿನ ದೃಶ್ಯ ಎಲ್ಲವೂ ಅಚ್ಚುಕಟ್ಟಾಗಿದ್ದವು. ಆದರೆ ಏಕಲವ್ಯ ಬಾಯಿ ತೆರೆದೊಡನೆ ನನಗೆ ಕಸಿವಿಸಿಯಾಯಿತು. ಸರಳರಗಳೆಯ ಸಾಲುಗಳು ದೂರವಾಣಿಯಲ್ಲಿ ಗೆಳೆಯನೊಡನೆ ಮಾತನಾಡಿದಷ್ಟು ಸಲೀಸಾಗಿ, ಅಷ್ಟೇ ಅವಸರದಲ್ಲಿ ಹರಿದುಹೋದವು. ಎದುರಿಗಿದ್ದ ದ್ರೋಣನದು ತದ್ವಿರುದ್ಧ ಶೈಲಿ. ಪ್ರತಿ ಸಾಲಿನ ಕೊನೆಯಲ್ಲೂ ಗುಡುಗು, ಪ್ರತಿ ಗುಡುಗಿಗೂ ಒಂದು ಕೈ ಬೀಸು. ಒಬ್ಬರು ಪದ್ಯವನ್ನು ಗದ್ಯವಾಗಿಸಿದರೆ ಇನ್ನೊಬ್ಬರು ಅದನ್ನು ಘೋಷಣೆಯಾಗಿಸಿದರು. ಪದ್ಯವನ್ನು ಪದ್ಯವಾಗಿಯೇ ಆಡಿದವರು ಒಬ್ಬರೇ, ಏಕಲವ್ಯನ ತಾಯಿಯಾಗಿದ್ದ ನಟಿ. ಆಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ನಾಟಕ ಮುಗಿದ ಮೇಲೆ ನೇಪಥ್ಯಕ್ಕೆ ಹೋಗಿ ಏಕಲವ್ಯನ ಪಾತ್ರಧಾರಿಯನ್ನು ಅಭಿನಂದಿಸಿ, ಸಾಲುಗಳನ್ನು ಅಷ್ಟು ವೇಗವಾಗಿ ಏಕೆ ಹೇಳಿದಿರಿ ಎಂದು ಕೇಳಿದೆ. ‘ಪದ್ಯದ ಹಾಗೆ ಹೇಳಿದರೆ ಇಂದಿನ ಪ್ರೇಕ್ಷಕರಿಗೆ ಕೃತಕ ಎನ್ನಿಸುತ್ತದೆ ಸಾರ್. ಸಹಜವಾಗಿ ಮಾತಾಡಿ ಎಂದು ನಿರ್ದೇಶಕರೂ ಹೇಳಿದರು’ ಎಂದರು. ಉತ್ತರ ಪ್ರಾಮಾಣಿಕವಾಗಿತ್ತು. ಸಹಜತೆ ಎಂಬುದೇ ನಟನೆಯ ಏಕೈಕ ಗುಣ ಎಂದು ಸಿನಿಮಾ ಮತ್ತು ಧಾರಾವಾಹಿಗಳು ನಮಗೆಲ್ಲ ಕಲಿಸಿಬಿಟ್ಟಿವೆ. ಆದರೆ ಸರಳರಗಳೆಯಲ್ಲಿ ಮಾತನಾಡುವ ಬೇಡರ ಹುಡುಗ ಯಾವ ಕಾಡಿನಲ್ಲೂ ಇರಲಿಲ್ಲ. ಕವಿ ಆ ಹುಡುಗನಿಗೆ ಆ ಭಾಷೆಯನ್ನು ಕೊಟ್ಟದ್ದಕ್ಕೆ ಕಾರಣವಿರಬೇಕು. ಅದನ್ನು ಹುಡುಕುವುದು ನಟನ ಕೆಲಸ. ಮರೆಮಾಚಿದರೆ ಆ ಕೆಲಸದಿಂದ ತಪ್ಪಿಸಿಕೊಂಡಂತೆ.

ಸರಳರಗಳೆಯ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಐದೈದು ಮಾತ್ರೆಗಳ ನಾಲ್ಕು ಗಣಗಳು, ಒಟ್ಟು ಇಪ್ಪತ್ತು ಮಾತ್ರೆಗಳು. ಪ್ರಾಸದ ಕಟ್ಟಿಲ್ಲ. ಅರ್ಥ ಒಂದು ಸಾಲಿನಲ್ಲಿ ಮುಗಿಯದೆ ಮುಂದಿನ ಸಾಲಿಗೆ ಹರಿಯಬಹುದು, ಸಾಲಿನ ನಡುವೆಯೂ ನಿಲ್ಲಬಹುದು. ಇಂಗ್ಲಿಷಿನ ಬ್ಲಾಂಕ್ ವರ್ಸ್ ನಮ್ಮ ಲಲಿತರಗಳೆಯನ್ನು ಸಂಧಿಸಿದಾಗ ಹುಟ್ಟಿದ ರೂಪ ಇದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಇಂಗ್ಲಿಷ್ ಪದ್ಯ ನಿಂತಿರುವುದು ಒತ್ತಿನ ಮೇಲೆ, ಕನ್ನಡ ಪದ್ಯ ನಿಂತಿರುವುದು ಕಾಲದ ಮೇಲೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು.

ಇಂದಿನ ನಟರ ತೊಡಕು ಶುರುವಾಗುವುದೇ ಇಲ್ಲಿ. ‘ಮಾಡಿದನು’ ಎಂಬ ಪದವನ್ನೇ ತೆಗೆದುಕೊಳ್ಳಿ. ಎಣಿಸಿದರೆ ಸರಿಯಾಗಿ ಐದು ಮಾತ್ರೆ, ಒಂದು ಇಡೀ ಗಣ. ನಮ್ಮ ಆಡುಮಾತಿನಲ್ಲಿ ಅದು ‘ಮಾಡ್ದ’ ಆಗುತ್ತದೆ, ಉಳಿಯುವುದು ಮೂರೇ ಮಾತ್ರೆ. ರಂಗದ ಮೇಲೆ ಯಾರೂ ‘ಮಾಡ್ದ’ ಎನ್ನುವುದಿಲ್ಲ, ನಿಜ. ಆದರೆ ನಾಲಿಗೆಗೆ ಅಭ್ಯಾಸವಾಗಿರುವುದು ಅದೇ ಆದ್ದರಿಂದ ನಡುವಿನ ಹ್ರಸ್ವಗಳು ನುಂಗಿಹೋಗುತ್ತವೆ, ಒತ್ತಕ್ಷರಗಳು ಒಂಟಿಯಾಗುತ್ತವೆ, ಮಹಾಪ್ರಾಣಗಳು ಪ್ರಾಣ ಬಿಡುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಾದರೆ ಪದದ ಮೊದಲ ಅಕ್ಷರಕ್ಕೆ ಒಂದು ಗುದ್ದು ಕೊಟ್ಟು ಉಳಿದವನ್ನು ಕೈಬಿಡುವ ಚಾಳಿಯೂ ಸೇರಿಕೊಳ್ಳುತ್ತದೆ. ಇಪ್ಪತ್ತು ಮಾತ್ರೆಯ ಸಾಲು ಹದಿನಾರಕ್ಕೋ ಹದಿನೈದಕ್ಕೋ ಇಳಿದ ಮೇಲೆ ಕೇಳುಗನ ಕಿವಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ‘ಹಳೆಗನ್ನಡ ಅರ್ಥವಾಗಲಿಲ್ಲ’ ಎಂದು ಆತ ಮನೆಗೆ ಹೋಗುತ್ತಾನೆ. ಅರ್ಥವಾಗದಿದ್ದದ್ದು ಹಳೆಗನ್ನಡವಲ್ಲ, ಅವಸರ.

ಈ ನಾಟಕದ ಹೆಸರಿನಲ್ಲೇ ಒಂದು ಪಾಠವಿದೆ. ‘ಬೆರಳ್‌ಗೆ’ ಎಂದರೂ ನಾಲ್ಕು ಮಾತ್ರೆ, ‘ಬೆರಳಿಗೆ’ ಎಂದರೂ ನಾಲ್ಕೇ. ‘ಕೊರಳ್’ ಎಂದರೂ ‘ಕೊರಳು’ ಎಂದರೂ ಮೂರೇ. ಲೆಕ್ಕ ಸರಿಹೋಗುತ್ತದೆ, ನಡೆ ಮಾತ್ರ ಪೂರ್ತಿ ಬೇರೆ. ಹಳೆಯ ರೂಪದಲ್ಲಿ ‘ರಳ್’ ಎಂಬಲ್ಲಿ ಭಾರ ಬಿದ್ದು ಮಾತು ಕತ್ತಿಯಂತೆ ನಿಲ್ಲುತ್ತದೆ. ಹೊಸ ರೂಪದಲ್ಲಿ ನಾಲ್ಕು ಹ್ರಸ್ವಗಳು ಹುರಿಗಾಳಿನಂತೆ ಉದುರುತ್ತವೆ. ಸರ್ಕಾರಿ ಲೆಕ್ಕಪತ್ರಗಳಲ್ಲೂ ಮೊತ್ತ ಸರಿಯಿದ್ದು ಖರ್ಚಿನ ದಾರಿ ತಪ್ಪಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಸಂಜೆ ರಂಗದ ಮೇಲಿದ್ದ ಮೂವರು ಪ್ರಮುಖರಲ್ಲಿ ಇಬ್ಬರ ಬಾಯಲ್ಲಿ ನಾನು ಕೇಳಿದ್ದು ‘ಬೆರಳಿಗೆ ಕೊರಳು’ ಎಂದೇ.

ನಟರನ್ನಷ್ಟೇ ದೂರುವುದು ನ್ಯಾಯವಲ್ಲ. ಪದ್ಯವನ್ನು ಹಾಡದೆ, ಗದ್ಯವಾಗಿಸದೆ, ಮಾತಾಗಿ ಆಡಬೇಕೆಂಬ ಬೇಡಿಕೆಯೇ ಕನ್ನಡದಲ್ಲಿ ಹೊಸದು, ಅದಕ್ಕೆ ಹೆಚ್ಚೆಂದರೆ ನೂರು ವರ್ಷ. ನಮ್ಮ ಪರಂಪರೆ ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಹಂಚಿಕೊಟ್ಟಿತ್ತು. ಯಕ್ಷಗಾನ ಮತ್ತು ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ತನ್ನದೇ ಗದ್ಯದಲ್ಲಿ ಬೆಳೆಸುತ್ತಾನೆ. ಗಮಕದಲ್ಲಿ ವಾಚನಕಾರ ರಾಗದಲ್ಲಿ ಓದುತ್ತಾನೆ, ವ್ಯಾಖ್ಯಾನಕಾರ ವಿವರಿಸುತ್ತಾನೆ. ಕಂಪನಿ ನಾಟಕಗಳಲ್ಲಿ ಒಬ್ಬನೇ ನಟ ಎರಡನ್ನೂ ಮಾಡಿದರೂ ಕಂದಪದ್ಯ ಬಂದಾಗ ಹಾರ್ಮೋನಿಯಂ ಕಡೆ ತಿರುಗಿ ಹಾಡುತ್ತಿದ್ದ, ಮಾತು ಬಂದಾಗ ಮಾತಾಡುತ್ತಿದ್ದ. ಬಿ.ಎಂ.ಶ್ರೀ ಅವರು ಸೊಫೊಕ್ಲಿಸನ ಏಜಾಕ್ಸ್ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದದ್ದು 1929ರಲ್ಲಿ. ಮಾಸ್ತಿಯವರ ‘ಯಶೋಧರಾ’, ಕುವೆಂಪು ಅವರ ‘ಶ್ಮಶಾನ ಕುರುಕ್ಷೇತ್ರಂ’, ‘ಶೂದ್ರ ತಪಸ್ವಿ’, 1947ರ ‘ಬೆರಳ್‌ಗೆ ಕೊರಳ್’ ಆ ಹಾದಿಯಲ್ಲಿ ಬಂದವು. ಕವಿಗಳು ಹೊಸ ರೂಪವೊಂದನ್ನು ಕೊಟ್ಟರು. ಅದನ್ನು ಆಡುವ ವಿದ್ಯೆಯನ್ನು ಯಾರೂ ಕ್ರಮವಾಗಿ ಕಟ್ಟಲಿಲ್ಲ. ಇವು ಓದುವ ನಾಟಕಗಳು, ಆಡುವ ನಾಟಕಗಳಲ್ಲ ಎಂಬ ಸುಲಭದ ತೀರ್ಪು ಹುಟ್ಟಿದ್ದು ಹೀಗೆ ಎಂದು ನನ್ನ ಅನುಮಾನ.

ಇಂಗ್ಲೆಂಡಿನಲ್ಲಿಯೂ ಈ ಸಮಸ್ಯೆ ಇಲ್ಲದಿಲ್ಲ. ರಾಯಲ್ ಷೇಕ್ಸ್‌ಪಿಯರ್ ಕಂಪನಿಯನ್ನು ಕಟ್ಟಿದ ಪೀಟರ್ ಹಾಲ್ ತಮ್ಮ ಬದುಕಿನುದ್ದಕ್ಕೂ ನಟರೊಡನೆ ಜಗಳವಾಡಿದ್ದು ಸಾಲಿನ ಪಾವಿತ್ರ್ಯಕ್ಕಾಗಿ. ಹತ್ತು ಅಕ್ಷರಗಳ ಸಾಲಿನ ಕೊನೆಯನ್ನು ನಟ ಗುರುತಿಸಬೇಕು, ಅಲ್ಲಿ ನಿಲ್ಲದಿದ್ದರೂ ಅದು ಅಲ್ಲಿದೆ ಎಂಬ ಅರಿವು ಅವನ ಉಸಿರಿನಲ್ಲಿ ಇರಬೇಕು ಎಂಬುದು ಅವರ ವಾದ. 2003ರಲ್ಲಿ ಅದನ್ನೆಲ್ಲ ಪುಸ್ತಕವಾಗಿಯೂ ಬರೆದರು. ಅವರ ಸಹೋದ್ಯೋಗಿ ಜಾನ್ ಬಾರ್ಟನ್ 1980ರ ದಶಕದಲ್ಲಿ ಜೂಡಿ ಡೆಂಚ್, ಇಯಾನ್ ಮೆಕೆಲೆನ್ ಮೊದಲಾದ ನಟರನ್ನು ಕೂಡಿಸಿಕೊಂಡು ಇದೇ ವಿಷಯವನ್ನು ದೂರದರ್ಶನ ಸರಣಿಯಾಗಿ ಮಾಡಿದರು. ಬಾರ್ಟನ್ ಅವರ ಮಾತಿನ ಧಾಟಿ ಸ್ವಲ್ಪ ಮೃದು. ಛಂದಸ್ಸು ನಟನಿಗೆ ಕವಿ ಕೊಟ್ಟ ಸುಳಿವು, ಎಲ್ಲಿ ನಿಧಾನಿಸಬೇಕು, ಯಾವ ಪದವನ್ನು ಎತ್ತಬೇಕು ಎಂದು ಅದೇ ಹೇಳಿಕೊಡುತ್ತದೆ ಎಂದು ಅವರು ತೋರಿಸಿದರು. ಆ ಸರಣಿಯನ್ನು ನಾನು ನಿವೃತ್ತನಾದ ಮೇಲೆ ನೋಡಿದೆ. ಹೆಸರಾಂತ ನಟರು ಶಾಲಾ ಮಕ್ಕಳಂತೆ ಕುಳಿತು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿ ತಿದ್ದಿಕೊಳ್ಳುವುದನ್ನು ಕಂಡು ಹೊಟ್ಟೆಕಿಚ್ಚಾಯಿತು. ಪೀಟರ್ ಹಾಲ್ ಅವರ ಕಟ್ಟುನಿಟ್ಟು ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಜಗಳವಾಡಲು ಅವರ ಬಳಿ ಒಂದು ವಿದ್ಯೆಯಾದರೂ ಇತ್ತು.

ಅಂಥ ಒಬ್ಬ ಜಗಳಗಂಟ ಗುರು ನನಗೂ ಸಿಕ್ಕಿದ್ದರು. 1980ರ ಸುಮಾರಿಗೆ ಕಾಲೇಜಿನಲ್ಲಿ ‘ಶ್ಮಶಾನ ಕುರುಕ್ಷೇತ್ರಂ’ ಆಡಿದಾಗ ನನ್ನ ಪಾಲಿಗೆ ಬಂದದ್ದು ಹದಿನೈದಿಪ್ಪತ್ತು ಸಾಲಿನ ಸಣ್ಣ ಪಾತ್ರ. ಕನ್ನಡ ಅಧ್ಯಾಪಕರು ಮೊದಲ ಎರಡು ವಾರ ಅಭಿನಯದ ಮಾತನ್ನೇ ಎತ್ತಲಿಲ್ಲ. ಮೇಜಿನ ಮೇಲೆ ಬೆರಳು ತಟ್ಟುತ್ತ ಐದೈದು ಮಾತ್ರೆ ಎಣಿಸಿ ಸಾಲು ಹೇಳಬೇಕು, ಅಷ್ಟೇ. ನಮ್ಮದು ಹೆಚ್ಚುಕಡಿಮೆ ಮಗ್ಗಿ ಒಪ್ಪಿಸಿದಂತಿರುತ್ತಿತ್ತು. ಮೂರನೆಯ ವಾರ ಬೆರಳು ತಟ್ಟಿದವರಿಗೆ ಬೈಗುಳ. ಎಣಿಕೆ ಮೈಯೊಳಗೆ ಇಳಿಯಬೇಕು, ಹೊರಗೆ ಕಾಣಬಾರದು, ಗಣದ ಮೊದಲ ಮಾತ್ರೆಯನ್ನು ಕುಟ್ಟಬೇಡಿ, ಅರ್ಥ ಎಲ್ಲಿ ಒಯ್ಯುತ್ತದೋ ಅಲ್ಲಿಗೆ ಹೋಗಿ ಎನ್ನುತ್ತಿದ್ದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದೆಲ್ಲ ಕಾಲಹರಣ ಎನ್ನಿಸಿತ್ತು. ಆದರೆ ಪ್ರದರ್ಶನದ ರಾತ್ರಿ, ರಣಭೂಮಿಯ ಕತ್ತಲಲ್ಲಿ, ಗಾಬರಿಗೆ ಮಾತು ಮರೆತುಹೋದಾಗ ನನ್ನನ್ನು ಕಾಪಾಡಿದ್ದು ಆ ಲಯವೇ. ಪದ ನೆನಪಾಗುವ ಮುನ್ನ ಅದರ ಅಳತೆ ನೆನಪಾಯಿತು, ಅಳತೆಯ ಹಿಂದೆಯೇ ಪದ ಬಂತು. ನಲವತ್ತು ವರ್ಷಗಳಿಗೂ ಮಿಕ್ಕಿ ಕಳೆದಿವೆ. ಆ ಸಾಲುಗಳನ್ನು ಇವತ್ತೂ ಒಪ್ಪಿಸಬಲ್ಲೆ.

ಅದಕ್ಕೆ ಹಿಡಿದದ್ದು ಸಮಯ. ನನ್ನ ಶಾಸ್ತ್ರದ ಮಾತು ಇಲ್ಲಿ ಒಂದಿಷ್ಟು ಬಂದರೆ ಓದುಗರು ಕ್ಷಮಿಸಬೇಕು. ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕತೆಯನ್ನು ಕುರಿತು ಪುಸ್ತಕ ಬರೆದರು. ಕಾರ್ಖಾನೆಯಲ್ಲಿ ಯಂತ್ರ ಬಂದು ಒಂದು ಗಂಟೆಯ ದುಡಿಮೆಗೆ ಹೆಚ್ಚು ಹೆಚ್ಚು ಸರಕು ಹೊರಬರುತ್ತದೆ, ಆದರೆ ನಾಲ್ವರು ನುಡಿಸಬೇಕಾದ ಸಂಗೀತಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಆದ್ದರಿಂದ ಉಳಿದ ಕ್ಷೇತ್ರಗಳಲ್ಲಿ ಸಂಬಳ ಏರಿದಂತೆಲ್ಲ ಕಲೆಯ ವೆಚ್ಚ ತುಲನೆಯಲ್ಲಿ ಏರುತ್ತಲೇ ಹೋಗುತ್ತದೆ ಎಂಬುದು ಅವರ ತರ್ಕದ ತಿರುಳು. ಪದ್ಯನಾಟಕಕ್ಕೆ ಇದು ಇಮ್ಮಡಿಯಾಗಿ ಅನ್ವಯಿಸುತ್ತದೆ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಒಂದೂವರೆ ಗಂಟೆ ಕಳೆದು ರಾತ್ರಿ ಎಂಟಕ್ಕೆ ತಾಲೀಮಿಗೆ ಬರುವ ಹುಡುಗನಿಗೆ ಎರಡು ವಾರ ಬೆರಳು ತಟ್ಟು ಎಂದು ಹೇಳುವ ಧೈರ್ಯ ಯಾವ ನಿರ್ದೇಶಕರಿಗಿದೆ? ಸಿಗುವ ಇಪ್ಪತ್ತು ಇಪ್ಪತ್ತೈದು ಸಂಜೆಗಳಲ್ಲಿ ಚಲನೆ, ಬೆಳಕು, ಸಂಗೀತ ಎಲ್ಲವೂ ಆಗಬೇಕು. ಆಗ ಮೊದಲು ಬಲಿಯಾಗುವುದು ಮಾತು.

ಇದರಲ್ಲಿ ನನ್ನ ಪಾಲೂ ಇದೆ. ಸೇವೆಯಲ್ಲಿದ್ದಾಗ ಕೆಲಕಾಲ ನಾಟಕ ತಂಡಗಳ ಅನುದಾನದ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಆ ನಮೂನೆಯಲ್ಲಿ ಪ್ರದರ್ಶನಗಳ ಸಂಖ್ಯೆಗೆ ಅಂಕಣವಿತ್ತು, ಪ್ರಯಾಣ ವೆಚ್ಚಕ್ಕೆ ಅಂಕಣವಿತ್ತು, ಕರಪತ್ರ ಮುದ್ರಣಕ್ಕೂ ಇತ್ತು. ತಾಲೀಮಿನ ದಿನಗಳಿಗೆ ಅಂಕಣ ಇರಲಿಲ್ಲ. ಹೆಚ್ಚು ಪ್ರದರ್ಶನ ಕೊಟ್ಟವರೇ ಹೆಚ್ಚು ಅರ್ಹರು ಎಂಬ ಟಿಪ್ಪಣಿಗೆ ನಾನೇ ಸಹಿ ಹಾಕಿದ್ದೇನೆ. ಎಣಿಸಲು ಸುಲಭವಾದದ್ದನ್ನು ಎಣಿಸುವುದು ಆಡಳಿತದ ಹಳೆಯ ದೌರ್ಬಲ್ಯ. ನನಗೆ ಛಂದಸ್ಸು ಗೊತ್ತಿತ್ತು ಎಂಬುದು ಈ ತಪ್ಪನ್ನು ಹಿರಿದು ಮಾಡುತ್ತದೆಯೇ ಹೊರತು ಕಿರಿದು ಮಾಡುವುದಿಲ್ಲ.

ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳ ಲೆಕ್ಕಾಚಾರವೇ ಬೇರೆ. ಅಲ್ಲಿ ಇಂದಿಗೂ ‘ಕುರುಕ್ಷೇತ್ರ’ ಆಡುತ್ತಾರೆ. ರೈತರು, ಅಂಗಡಿಯವರು, ನಿವೃತ್ತ ಮೇಷ್ಟರು ತಾವೇ ಹಣ ಕೊಟ್ಟು ದುರ್ಯೋಧನನ ಪಾತ್ರ ಪಡೆಯುತ್ತಾರೆ, ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ಕಲಿಯುತ್ತಾರೆ. ನಮ್ಮ ನಗರದ ವಿಮರ್ಶಕರು ಅವರನ್ನು ಕಂಡು ಮೂಗು ಮುರಿಯುವುದುಂಟು. ಶ್ರುತಿ ತಪ್ಪುತ್ತದೆ, ಅಭಿನಯ ಅತಿಯಾಗುತ್ತದೆ, ನಿಜ. ಆದರೆ ಅವರ ಬಾಯಲ್ಲಿ ಒಂದು ದೀರ್ಘ ಹ್ರಸ್ವವಾಗುವುದಿಲ್ಲ. ಪದ್ಯಕ್ಕೆ ಹೊತ್ತು ಬೇಕೆಂಬುದು ಅವರಿಗೆ ಗೊತ್ತು, ಆ ಹೊತ್ತನ್ನು ಅವರು ಕೊಡುತ್ತಾರೆ.

ಈಗ ಆ ನಟಿಯ ವಿಷಯ. ಮಗನ ಹೆಬ್ಬೆರಳು ಹೋದುದನ್ನು ಅರಿತ ತಾಯಿಯ ಮಾತಿನಲ್ಲಿ ಆಕೆ ಕೂಗಲೂ ಇಲ್ಲ, ಅಳಲೂ ಇಲ್ಲ. ಪ್ರತಿ ದೀರ್ಘಕ್ಕೂ ಅದರ ಪೂರ್ತಿ ಕಾಲ ಕೊಟ್ಟರು, ಸಾಲಿನ ಕೊನೆಯಲ್ಲಿ ಅರ್ಥ ತೂಗಾಡುವಲ್ಲಿ ಒಂದು ಅರೆಗಳಿಗೆ ಉಸಿರು ಹಿಡಿದು ಮುಂದೆ ಹೋದರು. ದುಃಖ ಗದ್ಯದಲ್ಲಾಗಿದ್ದರೆ ಒಡೆದುಹೋಗುತ್ತಿತ್ತು. ಐದು ಮಾತ್ರೆಯ ಕಟ್ಟಿನೊಳಗೆ ಅದು ಒಡೆಯದೆ ನಿಂತಿತು, ನೋಡುವವರಿಗೆ ಅದೇ ಸಹಿಸಲಾರದ್ದಾಯಿತು. ಕವಿ ಆ ಬೇಡಿತಿಗೆ ಪದ್ಯ ಕೊಟ್ಟದ್ದು ಏಕೆಂದು ಆಗ ತಿಳಿಯಿತು. ರಾಜಗುರುವಿನ ಭಾಷೆಗಿಂತ ಒಂದು ಮಾತ್ರೆಯೂ ಕಡಿಮೆಯಿಲ್ಲದ ಭಾಷೆಯಲ್ಲಿ ಆಕೆ ಅವನನ್ನು ನ್ಯಾಯ ಕೇಳಬೇಕಿತ್ತು. ನನ್ನ ಪಕ್ಕದಲ್ಲಿ ಕಾಲೇಜು ಹುಡುಗಿಯರಿಬ್ಬರು ಮೊದಲಿನಿಂದ ಫೋನು ನೋಡುತ್ತ ಕುಳಿತಿದ್ದರು. ಆ ಹೊತ್ತಿನಲ್ಲಿ ಫೋನುಗಳು ಆರಿದ್ದವು. ಹಳೆಗನ್ನಡ ಅವರಿಗೆ ಬರುತ್ತಿತ್ತೆಂದು ನಾನು ನಂಬುವುದಿಲ್ಲ.

ಎಲ್ಲಿ ಕಲಿತಿರಿ ಎಂದು ನಟಿಯನ್ನು ಕೇಳಿದಾಗ, ಚಿಕ್ಕಂದಿನಲ್ಲಿ ಅಜ್ಜಿ ಮನೆಯಲ್ಲಿ ದಿನವೂ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದುತ್ತಿದ್ದರು ಎಂದರು. ರಂಗಶಾಲೆಯ ಮಾತು ಬರಲಿಲ್ಲ.

ಎಲ್ಲರಿಗೂ ಅಂಥ ಅಜ್ಜಿ ಸಿಗುವುದಿಲ್ಲ. ಆದರೆ ಗಮಕಿಗಳು ಇನ್ನೂ ಇದ್ದಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರು ಆ ಕಲೆಯನ್ನು ಉಳಿಸಿಕೊಂಡಿದೆ, ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತ್ತು. ಗಮಕಿ ನಟನಲ್ಲ, ರಾಗದ ಆಸರೆ ರಂಗದ ಮೇಲೆ ಇರುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾಟಕ ಶಾಲೆಗಳು ವರ್ಷಕ್ಕೆ ಒಂದು ತಿಂಗಳು ಒಬ್ಬ ಗಮಕಿಯನ್ನು ಕರೆಸಿ ವಿದ್ಯಾರ್ಥಿಗಳ ಮುಂದೆ ಕೂರಿಸಲಿ. ಅನುದಾನದ ನಮೂನೆಗೆ ತಾಲೀಮಿನ ಅಂಕಣವೊಂದನ್ನು ಸೇರಿಸಲಿ. ಪದ್ಯನಾಟಕ ಎತ್ತಿಕೊಂಡ ತಂಡಕ್ಕೆ ಹತ್ತು ಪ್ರದರ್ಶನದ ಬದಲು ನಾಲ್ಕಕ್ಕೆ ಹಣ ಕೊಟ್ಟು, ಉಳಿದದ್ದನ್ನು ಮೂರು ತಿಂಗಳ ತಾಲೀಮಿಗೆ ಕೊಡಲಿ. ಖಜಾನೆಗೆ ಇದರಿಂದ ಒಂದು ರೂಪಾಯಿಯೂ ಹೆಚ್ಚು ಹೊರೆಯಾಗುವುದಿಲ್ಲ ಎಂದು ಹಳೆಯ ಅಭ್ಯಾಸಬಲದಿಂದ ಸೇರಿಸುತ್ತೇನೆ.

ಏಕಲವ್ಯನ ಪಾತ್ರಧಾರಿ ಮೊನ್ನೆ ಫೋನು ಮಾಡಿದ್ದರು. ನಾಟಕವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಾರಂತೆ, ಭಾನುವಾರ ಬೆಳಿಗ್ಗೆ ಬಂದು ಕೇಳಬಹುದೇ ಎಂದರು. ಬರುತ್ತೇನೆ, ಆದರೆ ಒಂದು ಮೇಜು ಇರಲಿ ಎಂದು ಹೇಳಿದ್ದೇನೆ.