ಫೋನ್ ಹಾಳಾದರೆ ಗುಂಪಿನ ಹಳೆಯ ಮೆಸೇಜ್ ಸರ್ವರ್‌ನಲ್ಲಿ ಸಿಗುತ್ತದೆಯೇ?

‘ಡಿಲೀಟ್ ಆದ, ಕಳೆದುಹೋದ ಎಲ್ಲ ವಾಟ್ಸಾಪ್ ಮೆಸೇಜ್‌ಗಳನ್ನು ಸರ್ವರ್‌ನಿಂದ ವಾಪಸ್ ತರುವ ಆಪ್ ಬಂದಿದೆ, ಎಲ್ಲರಿಗೂ ತಿಳಿಸಿ.’ ಕೆಳಗೊಂದು ಲಿಂಕ್. ಈ ಫಾರ್ವರ್ಡ್ ನಮಗೆ ಬಂದದ್ದು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಓದುಗರೊಬ್ಬರಿಂದ. ‘ಇದು ನಿಜವೇ? ಹಾಕಿಕೊಳ್ಳಲೇ?’ ಎಂದು ಕೇಳಿದ್ದರು.

ಅವರು ಕೇಳಿದ್ದಕ್ಕೆ ಕಾರಣವಿತ್ತು. ಕಿರುಗಾವಲು ಎಂದರೆ ಸೈಯದ್ ಘನಿ ಖಾನ್ ಅವರು ಉಳಿಸಿಕೊಂಡು ಬಂದಿರುವ ನೂರಾರು ಭತ್ತದ ತಳಿಗಳ ಊರು. ನಮ್ಮ ಓದುಗರೂ ಸ್ವಲ್ಪ ಜಾಗದಲ್ಲಿ ರಾಜಮುಡಿ ಬೆಳೆಯುತ್ತಾರೆ. ನಾಟಿ ತಳಿ ಬೆಳೆಯುವವರ ಒಂದು ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಸಸಿಮಡಿ ಯಾವಾಗ ಮಾಡಿದರು, ನಾಟಿಗೆ ಎಷ್ಟು ಅಂತರ ಬಿಟ್ಟರು, ಯಾವ ಪೈರು ಗಾಳಿಗೆ ಮಲಗಿತು ಎಂಬ ಎರಡು ವರ್ಷದ ಮಾತುಕತೆ ಅಲ್ಲಿತ್ತು. ಫೋನ್ ಗದ್ದೆಯ ನೀರಿಗೆ ಬಿತ್ತು. ಬ್ಯಾಕಪ್ ಇರಲಿಲ್ಲ. ಹೊಸ ಫೋನಿನಲ್ಲಿ ಅದೇ ನಂಬರ್ ಹಾಕಿದರೆ ಗುಂಪೇನೋ ಬಂತು, ಒಳಗೆ ಮಾತ್ರ ಖಾಲಿ.

ಬೆಂಗಳೂರಿನ ಕಂಪನಿಯೊಂದರಲ್ಲಿರುವ ಅವರ ಅಕ್ಕನ ಮಗ ಹೇಳಿದ್ದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತ್ತು: ‘ಮಾವ, ನಮ್ಮ ಆಫೀಸ್ ಚಾಟ್‌ನ ಎರಡು ವರ್ಷದ ಮೆಸೇಜ್‌ಗಳನ್ನ ಎಪಿಐ ಬಳಸಿ ಒಂದೇ ದಿನದಲ್ಲಿ ಇಳಿಸಿಕೊಂಡೆ.’ ಅವನಿಗೆ ಸಿಕ್ಕಿದ್ದು ನಮಗೇಕೆ ಸಿಗುವುದಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಹುಡುಗ ಹೇಳಿದ್ದು ನಿಜ, ಫಾರ್ವರ್ಡ್ ಹೇಳಿದ್ದು ಸುಳ್ಳು. ವ್ಯತ್ಯಾಸ ಇರುವುದು ಮೆಸೇಜಿನ ಪ್ರತಿ ಎಲ್ಲಿ ಉಳಿಯುತ್ತದೆ ಎಂಬುದರಲ್ಲಿ.

ಮೊದಲು ಅಳಿಯನ ಆಫೀಸಿನ ಕಥೆ. ಸ್ಲ್ಯಾಕ್, ಮ್ಯಾಟರ್‌ಮೋಸ್ಟ್, ಜುಲಿಪ್‌ನಂಥ ತಂಡದ ಚಾಟ್‌ಗಳಲ್ಲಿ ನೀವು ಬರೆದದ್ದು ಸರ್ವರ್‌ನ ದತ್ತಸಂಚಯದಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಫೋನು, ಲ್ಯಾಪ್‌ಟಾಪು ಅದನ್ನು ತೋರಿಸುವ ಕಿಟಕಿಗಳು ಮಾತ್ರ. ಕಿಟಕಿ ಒಡೆದರೆ ಪುಸ್ತಕಕ್ಕೇನೂ ಆಗುವುದಿಲ್ಲ. ಎಪಿಐ ಎಂದರೆ ಆ ಪುಸ್ತಕದಿಂದ ಒಂದು ಪ್ರೋಗ್ರಾಮ್ ಮಾಹಿತಿ ಕೇಳುವ ಕ್ರಮ. ಸಹಕಾರ ಸಂಘದ ಕೌಂಟರ್ ನೆನಪಿಸಿಕೊಳ್ಳಿ: ಲೆಡ್ಜರ್ ಒಳಗಿದೆ, ನೀವು ಕೈ ಹಾಕುವಂತಿಲ್ಲ. ನಿಗದಿತ ಚೀಟಿಯಲ್ಲಿ ಖಾತೆ ಸಂಖ್ಯೆ ಬರೆದು ಕೊಟ್ಟರೆ, ಗುಮಾಸ್ತರು ನಿಮ್ಮ ಗುರುತು ನೋಡಿ, ನಿಮಗೆ ಸಲ್ಲುವಷ್ಟನ್ನು ಮಾತ್ರ ಹೇಳುತ್ತಾರೆ. ಇಲ್ಲಿ ಗುರುತಿನ ಬದಲು ಟೋಕನ್ ಎಂಬ ಉದ್ದನೆಯ ಅಕ್ಷರಮಾಲೆ ಇರುತ್ತದೆ.

ಕೇಳಿದ ತಕ್ಷಣ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಮ್ಯಾಟರ್‌ಮೋಸ್ಟ್ ಒಂದು ಸಲಕ್ಕೆ ಹೆಚ್ಚೆಂದರೆ 200 ಮೆಸೇಜ್ ಕೊಡುತ್ತದೆ. ಹೊಸದರಿಂದ ಹಳೆಯದರ ಕಡೆಗೆ ಪುಟ ತಿರುವುತ್ತಾ ಹೋಗಬೇಕು. 10,000 ಮೆಸೇಜ್ ಇದ್ದರೆ 50 ಸಲ ಕೇಳಬೇಕು. ಸ್ಲ್ಯಾಕ್ ಇನ್ನೂ ಬಿಗಿ. ಅದರ ಅಧಿಕೃತ ಮಾರುಕಟ್ಟೆಯಲ್ಲಿಲ್ಲದ, ಹೊರಗಿನವರು ಮಾರುವ ಹೊಸ ಆಪ್‌ಗಳಿಗೆ 2025ರ ಮೇ 29ರಿಂದ ನಿಮಿಷಕ್ಕೆ ಒಂದೇ ವಿನಂತಿ, ಒಂದು ವಿನಂತಿಗೆ 15 ಮೆಸೇಜ್ ಎಂಬ ಮಿತಿ ಬಂತು. ಲೆಕ್ಕ ಹಾಕಿ: ಅದೇ 10,000ಕ್ಕೆ 11 ಗಂಟೆ. ಕಂಪನಿ ತನ್ನ ಬಳಕೆಗೆಂದೇ ಬರೆದುಕೊಂಡ ಪ್ರೋಗ್ರಾಮ್‌ಗೆ ಈ ಮಿತಿ ಇಲ್ಲ. ಇನ್ನು ಸ್ಲ್ಯಾಕ್‌ನ ಉಚಿತ ಆವೃತ್ತಿಯಲ್ಲಿ ಕಾಣುವುದು ಕಳೆದ 90 ದಿನಗಳದ್ದು ಮಾತ್ರ, ಒಂದು ವರ್ಷ ದಾಟಿದ್ದನ್ನು ಅಳಿಸಿಯೇ ಬಿಡುತ್ತಾರೆ. ‘ಸರ್ವರ್‌ನಲ್ಲಿ ಎಲ್ಲವೂ ಶಾಶ್ವತ’ ಎಂಬ ಮಾತು ಇಲ್ಲೂ ಪೂರ್ತಿ ನಿಜವಲ್ಲ.

ಆಫೀಸ್ ಚಾಟ್ ಬಳಸುವವರಿಗೆ ಇಲ್ಲೇ ಒಂದು ಮಾತು. ಮ್ಯಾಟರ್‌ಮೋಸ್ಟ್‌ನಲ್ಲಿ ನೀವು ಮೆಸೇಜ್ ಡಿಲೀಟ್ ಮಾಡಿದರೆ ಪರದೆಯಿಂದ ಮಾಯವಾಗುತ್ತದೆ, ಆದರೆ ದತ್ತಸಂಚಯದಲ್ಲಿ ಆ ಸಾಲಿಗೆ ‘ಇಂಥ ಸಮಯಕ್ಕೆ ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆ ಅಷ್ಟೇ. ಸರ್ವರ್ ಯಾರದೋ ಓದುವ ಶಕ್ತಿಯೂ ಅವರದೇ. ಟೋಕನ್ ಕೂಡ ಹಾಗೆಯೇ. ಅದನ್ನು ಯಾರಿಗಾದರೂ ಕಳಿಸಿದರೆ, ನೀವು ನೋಡಬಹುದಾದ ಹಳೆಯ ಮಾತುಗಳೆಲ್ಲ ಅವರಿಗೂ ತೆರೆದಂತೆ.

ಈಗ ವಾಟ್ಸಾಪ್. ಅಲ್ಲಿನ ಸರ್ವರ್ ಲೆಡ್ಜರ್ ಅಲ್ಲ, ಅಂಚೆ ಪೇದೆ. ಮೆಸೇಜ್ ತಲುಪಿದ ಮೇಲೆ ತನ್ನ ಪ್ರತಿಯನ್ನು ಅಳಿಸುತ್ತದೆ. ಪಡೆಯುವವರ ಫೋನ್ ಆಫ್ ಆಗಿದ್ದರೆ 30 ದಿನಗಳವರೆಗೆ ಇಟ್ಟುಕೊಳ್ಳುತ್ತದೆ, ಆಮೇಲೆ ಅದೂ ಇಲ್ಲ. ಆ 30 ದಿನವೂ ಲಕೋಟೆ ಅಂಟಿಸಿಯೇ ಇರುತ್ತದೆ: 2016ರ ಏಪ್ರಿಲ್‌ನಿಂದ ಮೆಸೇಜ್‌ಗಳಿಗೆಲ್ಲ ತುದಿಯಿಂದ ತುದಿಗೆ ಗೂಢಲಿಪಿ ಇದೆ, ಬಿಡಿಸುವ ಕೀಲಿ ಕಳಿಸಿದವರ ಮತ್ತು ಪಡೆದವರ ಫೋನುಗಳಲ್ಲಿದೆ. ಹಾಗಾಗಿ ಎಷ್ಟೇ ದೊಡ್ಡ ಪ್ರೋಗ್ರಾಮರ್ ಬಂದು ಕೇಳಿದರೂ ಕೊಡಲು ಅಲ್ಲಿ ಎರಡು ವರ್ಷದ ಪುಸ್ತಕವೇ ಇಲ್ಲ. ಮೂರು ಟಿಕ್ ಬಿದ್ದರೆ ಸರ್ಕಾರ ಓದಿದೆ ಎಂದು 2020ರಲ್ಲಿ ಹರಿದಾಡಿದ ಫಾರ್ವರ್ಡ್ ನೆನಪಿದೆಯೇ? ಪಿಐಬಿ ಫ್ಯಾಕ್ಟ್ ಚೆಕ್ ಅದನ್ನು ಸುಳ್ಳೆಂದಿತ್ತು. ಸರ್ವರ್‌ನಲ್ಲಿ ಎಲ್ಲವೂ ತೆರೆದಿದೆ ಎಂಬ ಇದೇ ತಪ್ಪು ಕಲ್ಪನೆ ಅದರ ಹಿಂದೆಯೂ ಇತ್ತು. ಟೆಲಿಗ್ರಾಂ ಬೇರೆ ಜಾತಿಯದು. ಅದರ ಸಾಮಾನ್ಯ ಚಾಟ್‌ಗಳು ಕಂಪನಿಯ ಸರ್ವರ್‌ನಲ್ಲೇ ಇರುವುದರಿಂದ ಹೊಸ ಫೋನಿನಲ್ಲೂ ಹಳೆಯದು ಕಾಣುತ್ತದೆ. ಈ ಅನುಕೂಲಕ್ಕೆ ಕೊಡುವ ಬೆಲೆ ಏನೆಂದು ಈಗ ನಿಮಗೇ ಗೊತ್ತಾಗಿರಬೇಕು.

ಹಾಗಾದರೆ ಆ ಆಪ್‌ಗಳು ಮಾಡುವುದೇನು? ಕೆಲವು ಶುದ್ಧ ಮೋಸ. ಉಳಿದವು ನಿಮ್ಮ ಫೋನಿಗೆ ಬರುವ ನೋಟಿಫಿಕೇಶನ್‌ಗಳನ್ನು ನಕಲು ಮಾಡಿಟ್ಟುಕೊಳ್ಳುತ್ತವೆ. ಆಪ್ ಹಾಕಿದ ಮೇಲೆ ಬಂದ ಮೆಸೇಜನ್ನು ಕಳಿಸಿದವರು ಅಳಿಸಿದರೆ ಆ ನಕಲನ್ನು ತೋರಿಸುತ್ತವೆ. ಹಾಕುವ ಮೊದಲಿನದು ಒಂದಕ್ಷರವೂ ಬಾರದು. ಆದರೆ ನೋಟಿಫಿಕೇಶನ್ ಓದಲು ಅನುಮತಿ ಪಡೆದ ಆಪ್ ಬ್ಯಾಂಕಿನ ಒಟಿಪಿಯನ್ನೂ ಓದಬಲ್ಲದು. ಇದಕ್ಕೆ ಹೊರಗಿನ ಆಪ್ ಬೇಕಾಗಿಯೂ ಇಲ್ಲ: ಆಂಡ್ರಾಯ್ಡ್ 11 ಮತ್ತು ಅದರ ನಂತರದ ಬಹುತೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್ ಹಿಸ್ಟರಿ’ ಇದೆ, ಮೊದಲೇ ಆನ್ ಮಾಡಿದ್ದರೆ ಕಳೆದ 24 ಗಂಟೆಗಳದ್ದನ್ನು ತೋರಿಸುತ್ತದೆ.

ನಾವು ಕಿರುಗಾವಲಿನ ಓದುಗರಿಗೆ ಹೇಳಿದ್ದು ಇಷ್ಟು: ಲಿಂಕ್ ಒತ್ತಬೇಡಿ, ಗುಂಪಿನ ಹಳಬರೊಬ್ಬರನ್ನು ಕೇಳಿ. ಸರ್ವರ್‌ನಲ್ಲಿ ಪ್ರತಿ ಇಲ್ಲದಿದ್ದರೇನು, ಪ್ರತಿ ಸದಸ್ಯರ ಫೋನಿನಲ್ಲೂ ಒಂದೊಂದಿದೆ. ಬಿತ್ತನೆ ಬೀಜ ಒಬ್ಬರಲ್ಲಿ ಮುಗಿದರೆ ಪಕ್ಕದ ಹೊಲದವರಲ್ಲಿ ಕೇಳುವುದಿಲ್ಲವೇ? ಅವರು ಗುಂಪು ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿದರೆ ಮಾತುಕತೆ ಒಂದು ಪಠ್ಯ ಕಡತವಾಗಿ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ ‘ಅಡ್ವಾನ್ಸ್‌ಡ್ ಚಾಟ್ ಪ್ರೈವೆಸಿ’ಯನ್ನು ಆ ಗುಂಪಿನಲ್ಲಿ ಆನ್ ಮಾಡಿದ್ದರೆ ಮಾತ್ರ ಎಕ್ಸ್‌ಪೋರ್ಟ್ ಆಗದು. ಕಡತದಲ್ಲಿ ಎಲ್ಲರ ಹೆಸರು, ನಂಬರ್ ಇರುತ್ತವೆ. ಆದ್ದರಿಂದ ಗುಂಪಿನವರಿಗೆ ತಿಳಿಸಿಯೇ ತೆಗೆಯಿರಿ, ಇನ್ನೊಂದು ಗುಂಪಿಗೆ ಹಾಕಬೇಡಿ. ಹೊಸ ಫೋನಿನಲ್ಲಿ ಬ್ಯಾಕಪ್ ಆನ್ ಮಾಡಿ. 2021ರಿಂದ ಬ್ಯಾಕಪ್‌ಗೂ ಗೂಢಲಿಪಿ ಹಾಕುವ ಆಯ್ಕೆ ಇದೆ, ಆದರೆ ಅದರ ಪಾಸ್‌ವರ್ಡ್ ಮರೆತರೆ ವಾಟ್ಸಾಪ್ ಕೂಡ ತೆರೆದುಕೊಡಲಾರದು.

ವಾರದ ನಂತರ ಅವರ ಫೋನ್ ಬಂತು. ಮಾತುಕತೆಯೆಲ್ಲ ಸಿಕ್ಕಿತ್ತು. ಸಸಿಮಡಿ ಮಾಡುವ ಒಂದು ವಿಡಿಯೊ ಮಾತ್ರ ಸಿಗಲಿಲ್ಲ. ಆ ಸದಸ್ಯರು ಅದನ್ನು ಡೌನ್‌ಲೋಡ್ ಮಾಡಿಕೊಂಡಿರಲಿಲ್ಲ, ಈಗ ಒತ್ತಿದರೆ ಮತ್ತೆ ಕಳಿಸಲು ಹೇಳಿ ಎನ್ನುತ್ತದೆಯಂತೆ. ಅದನ್ನು ಮೊದಲು ಕಳಿಸಿದವರು ಯಾರೆಂದು ಈಗ ಗುಂಪಿನಲ್ಲಿ ವಿಚಾರಿಸುತ್ತಿದ್ದಾರೆ.